ತಾಯಿಯ ಹಾರ್ಮೋನು, ಮಗುವಿನ ಗಮನ: ಶಿರಸಿ ಕಡೆಯ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಇತರ ಓದುಗರಿಗೂ ವಿಷಯ ತಿಳಿಯಲೆಂದು ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇವೆ. ಕಳೆದ ಸಂಚಿಕೆಯಲ್ಲಿ ‘ತಾಯಿಗೆ ಪಿಸಿಒಡಿ, ಮಗುವಿಗೆ ಚಂಚಲತೆ’ ಎಂಬ ತಲೆಬರಹದ ಕಿರುಬರಹವೊಂದು ನಮ್ಮ ಪತ್ರಿಕೆಯಲ್ಲಿ ಬಂದಿತ್ತು. ಒಂದನೆಯ ತರಗತಿಯಲ್ಲಿ ಓದುತ್ತಿರುವ ನಿಮ್ಮ ಆರೂವರೆ ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿ ಚಂಚಲತೆಯ ತೊಂದರೆ) ಇರಬಹುದು, ತೋರಿಸಿ ಎಂದು ಶಾಲೆಯವರು ಹೇಳಿದ ವಾರವೇ ಆ ಸಂಚಿಕೆ ಮನೆಗೆ ಬಂತು; ನಿಮ್ಮ ಅತ್ತೆಯವರು ಅದನ್ನು ಊಟದ ಹೊತ್ತಿನಲ್ಲಿ ಎಲ್ಲರೆದುರು ಓದಿದರು. ನಿಮಗೆ ಮದುವೆಗೆ ಮೊದಲೇ ಪಿಸಿಒಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರಿನ ತೊಂದರೆ, ಇತ್ತು. ಬಸುರಿಯಾಗಿ ಎರಡನೆಯ ತಿಂಗಳಲ್ಲಿ ಥೈರಾಯ್ಡ್ ಕಡಿಮೆಯಿರುವುದು ಗೊತ್ತಾಗಿ ಗುಳಿಗೆ ಶುರುವಾಯಿತು. ಕೆಲವು ದಿನ ಅದನ್ನು ಮರೆತಿದ್ದೂ ಉಂಟು. ‘ನಾನು ಬಿಟ್ಟ ಆ ಗುಳಿಗೆಗಳನ್ನೇ ನನ್ನ ಮಾಣಿ ಈಗ ಅನುಭವಿಸುತ್ತಿದ್ದಾನೆಯೇ?’ ಎಂದು ಕೇಳಿದ್ದೀರಿ. ನಿಮ್ಮ ನಾದಿನಿಗೂ ಪಿಸಿಒಡಿ ಇದ್ದು, ಈ ವರ್ಷ ಮಗುವಿನ ಯೋಚನೆಯಲ್ಲಿರುವ ಆಕೆಗೆ ಏನು ಹೇಳಲಿ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ಮೊದಲಿಗೆ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ತಲೆಬರಹ ಕೊಟ್ಟವನು ನಾನೇ. ಅದು ಇದ್ದರೆ ಇದು ಬಂದೇ ಬರುತ್ತದೆ ಎಂಬ ಅರ್ಥ ಬರುವಂತೆ ಎರಡು ಮಾತುಗಳ ನಡುವೆ ಅಲ್ಪವಿರಾಮವೊಂದನ್ನಿಟ್ಟು ಬಿಟ್ಟಿದ್ದು ಸರಿಯಲ್ಲ. ಆ ಕಿರುಬರಹಕ್ಕೆ ಆಧಾರವಾಗಿದ್ದ ಅಧ್ಯಯನ ಹೇಳಿದ್ದು ಅಷ್ಟು ದೊಡ್ಡ ಮಾತನ್ನಲ್ಲ. ನಿಮ್ಮ ಮನೆಯ ಊಟದ ಹೊತ್ತಿಗೆ ನೋವು ತಂದದ್ದಕ್ಕಾಗಿ ಕ್ಷಮೆ ಕೇಳುತ್ತೇನೆ.

ಅಧ್ಯಯನ ಹೇಳಿದ್ದೇನು ಎಂಬುದನ್ನು ಈಗ ಬಿಡಿಸಿ ನೋಡೋಣ. ಸ್ವೀಡನ್ನಿನಲ್ಲಿ ಹೆರಿಗೆ, ಆಸ್ಪತ್ರೆ, ಔಷಧಿಗಳ ದಾಖಲೆಗಳೆಲ್ಲ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಆ ದಾಖಲೆಗಳನ್ನಿಟ್ಟುಕೊಂಡು ಎಡಿಎಚ್‌ಡಿ ಇರುವ ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇಲ್ಲದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತಾಯಿಗೆ ಪಿಸಿಒಡಿ ಇದ್ದಲ್ಲಿ ಮಗುವಿಗೆ ಎಡಿಎಚ್‌ಡಿ ಇರುವ ಸಂಭವ ಶೇಕಡಾ 42ರಷ್ಟು ಹೆಚ್ಚೆಂದು ಅದು ತೋರಿಸಿತು. ತಾಯಿಗೆ ಅತಿತೂಕವೂ ಸಕ್ಕರೆ, ರಕ್ತದೊತ್ತಡದಂಥ ತೊಂದರೆಗಳೂ ಜೊತೆಗಿದ್ದರೆ ಅದು ಇನ್ನೂ ಹೆಚ್ಚು. ಶೇಕಡಾ 42 ಎಂದೊಡನೆ ನೂರರಲ್ಲಿ ನಲವತ್ತೆರಡು ಮಕ್ಕಳೆಂದು ಓದುವವರೇ ಹೆಚ್ಚು, ನಮ್ಮ ತಲೆಬರಹವೂ ಹಾಗೆಯೇ ಓದಿಸಿತು. ಲೆಕ್ಕ ಬೇರೆಯೇ ಇದೆ. ಲೋಕದಲ್ಲಿ ಸುಮಾರು ನೂರಕ್ಕೆ ಐದು ಮಕ್ಕಳಿಗೆ ಎಡಿಎಚ್‌ಡಿ ಇರುತ್ತದೆಂದು ಇಟ್ಟುಕೊಂಡರೆ, ಪಿಸಿಒಡಿ ಇರುವ ನೂರು ತಾಯಂದಿರ ಮಕ್ಕಳಲ್ಲಿ ಆ ಐದು ಏಳರ ಹತ್ತಿರ ಬರುತ್ತದೆ. ಉಳಿದ ತೊಂಬತ್ಮೂರು ಮಕ್ಕಳ ತಾಯಂದಿರಿಗೂ ಪಿಸಿಒಡಿ ಇತ್ತು. ಆ ಮಕ್ಕಳಿಗೆ ಎಡಿಎಚ್‌ಡಿ ಬರಲಿಲ್ಲ.

ಥೈರಾಯ್ಡಿನ ಮಾತು ಸ್ವಲ್ಪ ಬೇರೆ, ಅದಕ್ಕೆ ಹೆಚ್ಚು ಜಾಗ ಕೊಡಬೇಕು. ಹೊಟ್ಟೆಯಲ್ಲಿರುವ ಶಿಶುವಿನ ಥೈರಾಯ್ಡ್ ಗ್ರಂಥಿ ಮೂರನೆಯ ತಿಂಗಳು ಮುಗಿಯುವ ಹೊತ್ತಿಗಷ್ಟೇ ಕೆಲಸಕ್ಕೆ ತೊಡಗುತ್ತದೆ, ಅದು ಪೂರ್ತಿ ಪಳಗುವುದು ಇನ್ನೂ ತಡವಾಗಿ. ಅಲ್ಲಿಯತನಕ ಮಿದುಳು ಬೆಳೆಯಲು ಬೇಕಾದ ಹಾರ್ಮೋನೆಲ್ಲ ತಾಯಿಯ ರಕ್ತದಿಂದಲೇ ಬರಬೇಕು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ 3,29,157 ಮಕ್ಕಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭ ಧರಿಸುವ ಸ್ವಲ್ಪ ಮೊದಲು ಅಥವಾ ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯ್ಡ್ ಕೊರತೆ ಪತ್ತೆಯಾಗಿದ್ದಾಗ ಮಗುವಿಗೆ ಎಡಿಎಚ್‌ಡಿ ಬರುವ ಸಂಭವ ಶೇಕಡಾ 24ರಷ್ಟು ಹೆಚ್ಚಿತ್ತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಪತ್ತೆಯಾದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ನೂರಕ್ಕೆ ಐದು ಇದ್ದದ್ದು ಆರು ಚಿಲ್ಲರೆಯಾಯಿತು. 1999ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಹೆಸರಾಂತ ಅಧ್ಯಯನವೊಂದು, ಬಸಿರಿನಲ್ಲಿ ಥೈರಾಯ್ಡ್ ಕೊರತೆಯಿದ್ದೂ ಚಿಕಿತ್ಸೆಯೇ ಆಗದ ತಾಯಂದಿರ ಮಕ್ಕಳ ಬುದ್ಧಿಮಾಪನದ ಅಂಕ ಏಳರಿಂದ ಒಂಬತ್ತನೆಯ ವಯಸ್ಸಿನಲ್ಲಿ ಇತರರಿಗಿಂತ ಸರಾಸರಿ 7 ಕಡಿಮೆಯಿತ್ತೆಂದು ಹೇಳಿತು. ಕೊರತೆ ತೀರ ಸೌಮ್ಯವಾಗಿದ್ದ ತಾಯಂದಿರ ವಿಷಯದಲ್ಲಿ ಮಾತ್ರ, ಗುಳಿಗೆ ಕೊಟ್ಟವರ ಮತ್ತು ಕೊಡದವರ ಮಕ್ಕಳನ್ನು ಐದನೆಯ ವರ್ಷದಲ್ಲಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2017ರ ಮತ್ತೊಂದು ಪ್ರಯೋಗ ತಿಳಿಸಿತು. ಆ ಪ್ರಯೋಗದಲ್ಲಿ ಗುಳಿಗೆ ಆರಂಭವಾದದ್ದೇ ನಾಲ್ಕನೆಯ ತಿಂಗಳಿನ ಸುಮಾರಿಗೆ ಎಂಬ ಆಕ್ಷೇಪವೂ ಇದೆ.

ಇವೆಲ್ಲವನ್ನೂ ಮುಂದಿಟ್ಟುಕೊಂಡು ನಿಮ್ಮ ಪ್ರಶ್ನೆಗೆ ಕೊಡಬಹುದಾದ ಪ್ರಾಮಾಣಿಕ ಉತ್ತರವೆಂದರೆ, ಲಕ್ಷಾಂತರ ಮಕ್ಕಳ ಸರಾಸರಿಯಿಂದ ಹಿಂದಕ್ಕೆ ನಡೆದು ಒಬ್ಬ ಹುಡುಗನ ಚಂಚಲತೆಗೆ ಕಾರಣ ಹುಡುಕುವ ದಾರಿ ಯಾವ ವೈದ್ಯರ ಬಳಿಯೂ ಇಲ್ಲ ಎಂಬುದು. ಎರಡನೆಯ ತಿಂಗಳಲ್ಲೇ ನಿಮ್ಮ ಕೊರತೆ ಪತ್ತೆಯಾಗಿ ಚಿಕಿತ್ಸೆ ಆರಂಭವಾಯಿತು. ನಡುವೆ ಮರೆತ ಕೆಲವು ಗುಳಿಗೆಗಳಿಗೆ ಆರು ವರ್ಷಗಳ ನಂತರ ಲೆಕ್ಕ ಒಪ್ಪಿಸುವಂತೆ ನಿಮ್ಮನ್ನು ಯಾರೂ ಕೇಳಕೂಡದು, ನೀವೂ ಕೇಳಿಕೊಳ್ಳಕೂಡದು.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಹೋದ ವಿಷಯವೊಂದಿದೆ: ‘ಇವರೂ ಸಣ್ಣವರಿದ್ದಾಗ ಹೀಗೆಯೇ ಇದ್ದರಂತೆ, ಶಾಲೆಯಿಂದ ದಿನಾ ದೂರು ಬರುತ್ತಿತ್ತಂತೆ.’ ನಾನು ಅಲ್ಲಿ ನಿಂತೆ. ಅವಳಿಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಡಿಎಚ್‌ಡಿಯ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 74 ಪಾಲು ಅನುವಂಶೀಯವೆಂದು ಕಂಡುಬಂದಿದೆ. ಎತ್ತರದಂತೆ ಇದೂ ಹೆಚ್ಚಿನಂಶ ರಕ್ತದಲ್ಲಿ ಹರಿದು ಬರುವುದು. ತಂದೆಯ ಕಡೆಯಿಂದಲೂ ಬರುತ್ತದೆ, ತಾಯಿಯ ಕಡೆಯಿಂದಲೂ ಬರುತ್ತದೆ. ಇದನ್ನು ಬರೆದದ್ದು ಆಪಾದನೆಯನ್ನು ನಿಮ್ಮಿಂದ ತೆಗೆದು ನಿಮ್ಮ ಯಜಮಾನರ ತಲೆಗೆ ಕಟ್ಟಲೆಂದಲ್ಲ. ಮಗು ಹೇಗಿದ್ದರೂ ಕಾರಣವನ್ನು ಹೆತ್ತವಳ ಹೊಟ್ಟೆಯಲ್ಲೇ ಹುಡುಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಳೆಯದು, ಅದಕ್ಕೆ ವಿಜ್ಞಾನದ ಹೆಸರಿನಲ್ಲಿ ನಮ್ಮ ಪತ್ರಿಕೆಯೇ ಇನ್ನೊಂದು ಕೋಲು ಕೊಟ್ಟಿತಲ್ಲ ಎಂಬ ಸಂಕಟ ನನ್ನದು.

ಬಸುರಿಯಿದ್ದಾಗ ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಬಗ್ಗೆಯೂ ಕೇಳಿದ್ದೀರಿ. ಸ್ವೀಡನ್ನಿನ ಸುಮಾರು 24.8 ಲಕ್ಷ ಮಕ್ಕಳ ದಾಖಲೆಯನ್ನು 2024ರಲ್ಲಿ ನೋಡಿದಾಗ ಮೊದಲು ಆ ಗುಳಿಗೆಗೂ ಮಕ್ಕಳ ಚಂಚಲತೆಗೂ ಸಣ್ಣದೊಂದು ನಂಟು ಕಂಡಿತು. ಒಂದೇ ತಾಯಿಯ ಮಕ್ಕಳಲ್ಲಿ, ಆಕೆ ಗುಳಿಗೆ ತೆಗೆದುಕೊಂಡಿದ್ದಾಗ ಹುಟ್ಟಿದವರನ್ನೂ ತೆಗೆದುಕೊಳ್ಳದಿದ್ದಾಗ ಹುಟ್ಟಿದವರನ್ನೂ ಹೋಲಿಸಿದೊಡನೆ ಆ ನಂಟು ಇಲ್ಲವಾಯಿತು. ವಂಶ, ಮನೆ, ತಾಯಿಯ ಒಟ್ಟಾರೆ ಆರೋಗ್ಯ ಇವು ಅಂಕಿಗಳ ಹಿಂದೆ ಅಡಗಿ ಕುಳಿತು ಹೇಗೆ ದಾರಿ ತಪ್ಪಿಸುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಮಗನ ವಿಷಯ. ನೀವು ಪತ್ರದೊಡನೆ ಇಟ್ಟಿದ್ದ ಅವನ ಕಾಪಿ ಪುಸ್ತಕದ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮೊದಲ ಎರಡು ಸಾಲು ಮುದ್ದಾಗಿವೆ, ಮೂರನೆಯ ಸಾಲಿನಲ್ಲಿ ‘ಕಮಲ’ದ ಲ ಬಿಟ್ಟುಹೋಗಿದೆ, ನಾಲ್ಕನೆಯದು ಅರ್ಧಕ್ಕೆ ನಿಂತು, ಅಲ್ಲಿಂದ ಕೆಳಗೆ ಅಡಿಕೆ ಮರವೂ ಅದನ್ನು ಏರುತ್ತಿರುವ, ಅಡಿಕೆ ಗೊನೆ ಕೊಯ್ಯುವ ಕೊನೆಗೌಡನೂ ಇದ್ದಾರೆ, ಮರದ ಒಂದೊಂದು ಗಣ್ಣನ್ನೂ ಬಿಡದೆ ಬಿಡಿಸಿದ್ದಾನೆ. ಅಟ್ಟದ ಮೇಲೆ ಕೂತು ತಾಸುಗಟ್ಟಲೆ ಅಡಿಕೆ ಆರಿಸುವವನಿಗೆ ಐದು ನಿಮಿಷ ಬರೆಯಲಾಗದು, ಹಾಗಾಗಿ ಇದು ಬರೀ ಹಟ ಎಂದು ಮನೆಯವರು ಹೇಳುತ್ತಾರೆಂದು ಬರೆದಿದ್ದೀರಿ. ಮನಸ್ಸು ನೆಟ್ಟ ಕೆಲಸದಲ್ಲಿ ಮುಳುಗುವುದೂ ಬೇಡದ್ದರಲ್ಲಿ ಕೂರಲಾಗದಿರುವುದೂ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಒಟ್ಟಿಗೇ ಕಾಣುತ್ತವೆ. ಗಮನವನ್ನು ಬೇಕಾದಲ್ಲಿಗೆ ತಿರುಗಿಸಿ ಅಲ್ಲೇ ಹಿಡಿದಿಡುವುದು ಅವರಿಗೆ ಕಷ್ಟ.

ಹಾಗೆಂದು ಒಂದು ಹಾಳೆ ನೋಡಿ ನಾನು ರೋಗದ ಹೆಸರು ಹೇಳಬಾರದು, ಶಾಲೆಯವರೂ ಹೇಳಬಾರದು. ಲಕ್ಷಣಗಳು ಆರು ತಿಂಗಳಿಗೂ ಹೆಚ್ಚು ಕಾಲ, ಮನೆ ಮತ್ತು ಶಾಲೆ ಎರಡೂ ಕಡೆ ಇರಬೇಕು, ಅವು ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡಿರಬೇಕು, ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿರಬೇಕು. ಅದಕ್ಕೂ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಲಿ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆಂದು ಬರೆದಿದ್ದೀರಿ. ಮೂಗಿನ ಹಿಂದಿನ ಗ್ರಂಥಿ ಊದಿಕೊಂಡು ನಿದ್ದೆಗೆಡುವ ಮಕ್ಕಳು ಹಗಲಲ್ಲಿ ಚಂಚಲರಾಗಿರುತ್ತಾರೆ, ಇದನ್ನು ವೈದ್ಯರಿಗೆ ಮರೆಯದೆ ಹೇಳಿ. ರಕ್ತಹೀನತೆಯನ್ನೂ ನೋಡಿಸಿ. ಘಟ್ಟದ ಮೇಲಿನವರಿಗೆ ಮಕ್ಕಳ ಮನೋವೈದ್ಯರು ಕೈಗೆ ಸುಲಭವಾಗಿ ಸಿಗುವುದಿಲ್ಲ. ಒಂದು ಭೇಟಿಗೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎಲ್ಲ ಹೋಗುತ್ತದೆಂಬುದು ಗೊತ್ತಿದೆ. ಧಾರವಾಡದ ಡಿಮ್ಹಾನ್ಸ್‌ ನಿಮಗೆ ಹೋಗಿಬರಲು ಸಾಧ್ಯವಾದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಹೊರಡುವ ಮೊದಲು 14416 ಸಂಖ್ಯೆಯ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಆರು ವರ್ಷದೊಳಗಿನ ಮಕ್ಕಳಿಗೆ ಔಷಧಕ್ಕೂ ಮೊದಲು ತಂದೆತಾಯಿಗೆ ತರಬೇತಿ ಕೊಡುವುದೇ ರೂಢಿ. ನಿಮ್ಮ ಮಗ ಆ ವಯಸ್ಸನ್ನು ಈಗಷ್ಟೇ ದಾಟಿದ್ದಾನೆ, ಎರಡರಲ್ಲಿ ಯಾವುದು ಎಷ್ಟು ಎಂಬುದನ್ನು ವೈದ್ಯರೊಡನೆ ಕೂತು ನಿರ್ಧರಿಸಿ. ಆ ತರಬೇತಿಗೆ ನಿಮ್ಮ ಯಜಮಾನರೂ ಬರಲಿ.

ನಾದಿನಿಗೆ ಹೇಳುವ ಮಾತು ಸುಲಭ. ಮಗುವಿನ ಯೋಚನೆ ಬಿಡಬೇಕಿಲ್ಲ. ಅದಕ್ಕೆ ಮುಂಚೆಯೇ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ತೂಕ, ಸಕ್ಕರೆ, ರಕ್ತದೊತ್ತಡಗಳನ್ನು ಹದಕ್ಕೆ ತಂದುಕೊಳ್ಳಲಿ. ಇದು ಹುಟ್ಟುವ ಮಗುವಿಗಿಂತ ಮೊದಲು ಆಕೆಯ ಸ್ವಂತ ಆರೋಗ್ಯಕ್ಕೆ ಬೇಕಾದದ್ದು. ಥೈರಾಯ್ಡ್ ಗುಳಿಗೆ ಶುರುವಾದರೆ ಬೆಳಿಗ್ಗೆ ಬರಿಹೊಟ್ಟೆಗೆ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟೇ ಕಷಾಯ ಕುಡಿಯಲಿ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಇದರಿಂದ ನಾಲ್ಕು ತಾಸು ದೂರವಿಡಬೇಕು. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಎಷ್ಟೋ ಕಡೆ ಯಾರೂ ಬಿಡಿಸಿ ಹೇಳುವುದಿಲ್ಲ. ಬಸಿರಾದ ಮೇಲೆ ಗುಳಿಗೆಯ ಪ್ರಮಾಣ ಹೆಚ್ಚಿಸಬೇಕಾಗಿ ಬರುವುದರಿಂದ, ಗೊತ್ತಾದ ಕೂಡಲೇ ವೈದ್ಯರನ್ನು ಕಾಣಲಿ.

ಮನೆಯಲ್ಲಿ ಅಡುಗೆಗೆಲ್ಲ ಸಾಣಿಕಟ್ಟೆಯ ಹರಳುಪ್ಪನ್ನೇ ಬಳಸುವುದೆಂದು ಬರೆದಿದ್ದೀರಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಅದನ್ನೇ ಹಾಕಿ, ಆ ರುಚಿಗೆ ಬೇರೆ ಉಪ್ಪು ಸಾಟಿಯಲ್ಲ. ಆದರೆ ಅಯೋಡಿನ್ ಸೇರಿಸದ ಉಪ್ಪು ದಿನದ ಸಾರು, ಪಲ್ಯಗಳಿಗೆ ಬೇಡ. ಥೈರಾಯ್ಡ್ ಹಾರ್ಮೋನು ತಯಾರಾಗುವುದೇ ಅಯೋಡಿನ್‌ನಿಂದ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಒಲೆಯಿಂದ ಇಳಿಸುವ ಹೊತ್ತಿಗೆ ಹಾಕುವುದು ಒಳ್ಳೆಯದು.

ಮಗನ ಹಾಳೆಯನ್ನು ಈ ಅಂಚೆಯಲ್ಲೇ ಹಿಂತಿರುಗಿಸುತ್ತಿದ್ದೇನೆ. ಡಾಕ್ಟರ ಬಳಿ ಹೋಗುವಾಗ ಇದನ್ನೂ ಶಾಲೆಯವರ ಟಿಪ್ಪಣಿಯನ್ನೂ ಒಯ್ಯಿರಿ. ಕಳೆದ ಸಂಚಿಕೆಯ ತಲೆಬರಹಕ್ಕೆ ತಿದ್ದುಪಡಿ ಇದೇ ಪುಟದ ಕೆಳಗಿದೆ. ಅದನ್ನು ನಿಮ್ಮ ಅತ್ತೆಯವರ ಕೈಗೆ ಕೊಟ್ಟು, ಅದೇ ಊಟದ ಹೊತ್ತಿನಲ್ಲಿ ಎಲ್ಲರೆದುರು ಓದುವಂತೆ ನಾನು ಕೇಳಿಕೊಂಡಿದ್ದೇನೆಂದು ಹೇಳಿ.

— ಸಂಪಾದಕ