ಶೇಂಗಾ ಗಿಡದಲ್ಲಿ ನ್ಯಾನೊ ಜಿಂಕ್ ಎಷ್ಟು ಶೇಖರವಾಗುತ್ತದೆ ಅಂತ ಎಂಎಸ್ಸಿ ಥೀಸಿಸ್‌ಗೆ ಅಳೆಯಬೇಕು. ಯಾವ ಯಾವ ಡೋಸ್ ಇಡಲಿ?

ಗೈಡ್ ಮುಂದೆ ಮೊದಲ ದಿನ ನಾನು ಕೇಳಿದ್ದೂ ಇದನ್ನೇ. ಬೆಳೆ ಅದೇ ಶೇಂಗಾ, ಪುಡಿ ಅದೇ ನ್ಯಾನೊ ಜಿಂಕ್ ಆಕ್ಸೈಡ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣದ್ದು. ಡೋಸ್ ಆಮೇಲೆ ನೋಡೋಣ.

2012ರಲ್ಲಿ ತಿರುಪತಿಯ ಸಂಶೋಧಕರ ಒಂದು ಪ್ರಬಂಧ ಬಂದಿತ್ತು. ಶೇಂಗಾ ಬೀಜಕ್ಕೆ 1000 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನ್ಯಾನೊ ಜಿಂಕ್ ಆಕ್ಸೈಡ್ ಉಪಚಾರ ಮಾಡಿದರೆ ಮೊಳಕೆ, ಬೆಳವಣಿಗೆ ಎರಡೂ ಚೆನ್ನಾಗಿವೆ, 2000ಕ್ಕೆ ಹೋದರೆ ಕೆಡುತ್ತದೆ ಅಂತ ಅದರಲ್ಲಿತ್ತು. ನನ್ನ ತಲೆಯಲ್ಲಿ ಉಳಿದದ್ದು ಆ ಎರಡು ಅಂಕಿ ಮಾತ್ರ. ಅವರು ಪಕ್ಕದಲ್ಲೇ ಜಿಂಕ್ ಸಲ್ಫೇಟನ್ನೂ ಇಟ್ಟು ಹೋಲಿಸಿದ್ದರು. ನಾನೂ ಮೊದಲು ಅದನ್ನು ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಆದರೆ ನೆರಳುಮನೆಯಲ್ಲಿ ನನಗೆ ಸಿಕ್ಕಿದ್ದು ಒಂದು ಮೂಲೆ, ಕುಂಡಗಳಿಗೆ ಜಾಗ ಸಾಲಲಿಲ್ಲ. ಯಾವುದಾದರೂ ಒಂದು ಟ್ರೀಟ್‌ಮೆಂಟ್ ತೆಗೆಯಬೇಕಾಯಿತು. ಜಿಂಕ್ ಸಲ್ಫೇಟ್ ಅಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಗೊಬ್ಬರ, ಅದರಲ್ಲಿ ಹೊಸದೇನಿದೆ ಅಂದುಕೊಂಡು ಅದನ್ನೇ ತೆಗೆದೆ. ಆ ಜಾಗಕ್ಕೆ ನ್ಯಾನೊದ ಇನ್ನೊಂದು ಡೋಸ್ ಸೇರಿಸಿದೆ. ಗೈಡ್ ಕೂಡ ಹೂಂ ಅಂದರು.

ಎಲೆಯಲ್ಲಿ ಜಿಂಕ್ ಜಾಸ್ತಿಯಾಗಿತ್ತು. ಡೋಸ್ ಏರಿದ ಹಾಗೆ ಗ್ರಾಫ್ ಕೂಡ ಚೆಂದವಾಗಿ ಏರಿತ್ತು. ‘ನ್ಯಾನೊ ಕಣಗಳ ಶೇಖರಣೆ’ ಅಂತ ದಪ್ಪ ಅಕ್ಷರದಲ್ಲಿ ಶೀರ್ಷಿಕೆ ಕೊಟ್ಟೆ. ವೈವಾ ಸುಮ್ನೆ ಮುಗಿದುಹೋಯಿತು, ಚಹಾ ಬಿಸ್ಕತ್ತು ಸಮೇತ. ಪತ್ರಿಕೆಗೆ ಕಳಿಸಿದಾಗ ವಿಮರ್ಶಕರು ಒಂದೇ ಸಾಲು ಬರೆದು ವಾಪಸ್ ಕಳಿಸಿದರು: ‘ಎಲೆಯಲ್ಲಿರುವುದು ಕಣವೋ, ಕರಗಿದ ಜಿಂಕೋ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಎರಡು ವರ್ಷ ಹೋದದ್ದು ಇದರಲ್ಲೇ.

ಜಿಂಕ್ ಆಕ್ಸೈಡ್ ಮರಳಿನ ಹಾಗೆ ಗಟ್ಟಿಯಾಗಿ ಕೂತಿರುವ ವಸ್ತುವಲ್ಲ. ಹುಳಿ ಮಣ್ಣಿನಲ್ಲಿ ಕರಗುತ್ತದೆ. ಬೇರು ತಾನೇ ಆಮ್ಲ ಬಿಡುತ್ತದೆ, ಅದರ ಪಕ್ಕದಲ್ಲಿ ಇನ್ನೂ ಬೇಗ ಕರಗಬಹುದು. ಕರಗಿ ಬಂದ ಜಿಂಕ್ ಅಯಾನನ್ನು (ವಿದ್ಯುದಂಶ ಇರುವ ಜಿಂಕ್ ಪರಮಾಣು) ಗಿಡ ತನ್ನ ಮಾಮೂಲಿ ದಾರಿಯಲ್ಲೇ ಎಳೆದುಕೊಳ್ಳುತ್ತದೆ, ಅದು ಗೊಬ್ಬರದ್ದೋ ನ್ಯಾನೊದ್ದೋ ಅಂತ ವಿಚಾರಿಸುವುದಿಲ್ಲ. ಇನ್ನು ನಾವು ಮಾಡುವುದೇನು? ಎಲೆ ಒಣಗಿಸಿ, ಪುಡಿ ಮಾಡಿ, ನೈಟ್ರಿಕ್ ಆಮ್ಲದಲ್ಲಿ ಕುದಿಸಿ, ಯಾವ ಧಾತು ಎಷ್ಟಿದೆ ಅಂತ ಅಳೆಯುವ ಐಸಿಪಿ ಯಂತ್ರಕ್ಕೆ ಕೊಡುತ್ತೇವೆ. ಎಲೆಯಲ್ಲಿ ಕಣ ಇದ್ದಿದ್ದರೂ ಆ ಆಮ್ಲದಲ್ಲಿ ಕರಗಿ ಹೋಯಿತು. ಯಂತ್ರ ಹೇಳುವುದು ಒಟ್ಟು ಜಿಂಕ್ ಎಷ್ಟು ಅಂತ, ಅಷ್ಟೇ. ಪಾನಕ ಕುಡಿದು ಅಚ್ಚು ಬೆಲ್ಲ ಹಾಕಿದ್ದರೋ ಪುಡಿ ಬೆಲ್ಲವೋ ಅಂತ ಹೇಳಿದ ಹಾಗಾಯಿತು ನನ್ನ ಥೀಸಿಸ್. ನೀರಲ್ಲಿ ಪೂರ್ತಿ ಕರಗುವ ಸಲ್ಫೇಟಿನ ಕುಂಡಗಳು ಇದ್ದಿದ್ದರೆ ‘ಕರಗಿದ ಜಿಂಕ್ ಕೊಟ್ಟರೆ ಇಷ್ಟು, ನ್ಯಾನೊ ಕೊಟ್ಟರೆ ಇಷ್ಟು’ ಅಂತಲಾದರೂ ಬರೆಯಬಹುದಿತ್ತು.

ನ್ಯಾನೊ ಜಿಂಕಿನಿಂದ ಗಿಡಕ್ಕಾಗುವ ಎಲ್ಲ ಹಾನಿಯೂ ಅಯಾನಿನದೇ ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ರೈಗ್ರಾಸ್ ಹುಲ್ಲಿನ ಮೇಲೆ ನಡೆದ ಪ್ರಯೋಗದಲ್ಲಿ, ಕರಗಿದ ಜಿಂಕ್ ಒಂದರಿಂದಲೇ ಬೇರಿಗಾದ ಹಾನಿಯನ್ನು ವಿವರಿಸಲು ಆಗಲಿಲ್ಲ. ಆದರೆ ಅವರು ಕರಗಿದ ಜಿಂಕನ್ನೂ ಪಕ್ಕದಲ್ಲಿಟ್ಟು ನೋಡಿದ್ದಕ್ಕೇ ಆ ಮಾತು ಹೇಳಲು ಸಾಧ್ಯವಾಯಿತು.

ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ, ಬೇಜಾರಾಗಬೇಡಿ. ಕಣ ಕಣವಾಗಿಯೇ ಗಿಡದೊಳಗೆ ಹೋಗಿ ಕೂರುತ್ತದಾ ಅಂತ ನೋಡಬೇಕಿದ್ದರೆ ಜಿಂಕ್ ಬಿಡಿ, ಅಷ್ಟು ಸುಲಭವಾಗಿ ಕರಗದ ಸೀರಿಯಂ ಆಕ್ಸೈಡೋ ಟೈಟಾನಿಯಂ ಡೈಆಕ್ಸೈಡೋ ಹಿಡಿಯಿರಿ. 2013ರಲ್ಲಿ ಮಣ್ಣಿನಲ್ಲಿ ಬೆಳೆದ ಸೋಯಾಬೀನನ್ನು, ಧಾತು ಯಾವ ರೂಪದಲ್ಲಿದೆ ಅಂತ ತೋರಿಸುವ ಸಿಂಕ್ರೊಟ್ರಾನ್ ಎಕ್ಸ್‌ರೇಯಲ್ಲಿ ನೋಡಿದಾಗ ಜಿಂಕ್ ಆಕ್ಸೈಡ್ ಕಣ ಗಿಡದೊಳಗೆ ಕಾಣಲೇ ಇಲ್ಲ. ಜಿಂಕ್ ಇತ್ತು, ಸಿಟ್ರೇಟ್‌ನಂಥ ರೂಪದಲ್ಲಿ. ಸೀರಿಯಂ ಮಾತ್ರ ಬಹುಪಾಲು ಆಕ್ಸೈಡ್ ಆಗಿಯೇ ಕಾಯಿಯವರೆಗೂ ಹೋಗಿತ್ತು. ಅದಕ್ಕೂ ಮುಂಚೆ, 2012ರಲ್ಲಿ, ಸೀರಿಯಂ ಡೋಸ್ ಜಾಸ್ತಿಯಾದಾಗ ಸೋಯಾಬೀನಿನ ಬೇರುಗಂಟುಗಳಲ್ಲಿ ಸಾರಜನಕ ಹಿಡಿಯುವ ಕೆಲಸವೇ ಕುಸಿದಿತ್ತು. ನಿಮ್ಮ ಶೇಂಗಾಕ್ಕೂ ಬೇರುಗಂಟು ಇದೆ ಅಲ್ವಾ? ಎಲೆ ಬಿಟ್ಟು ಅಲ್ಲಿ ನೋಡಿ. ನನಗೆ ಹೊಳೆಯಲಿಲ್ಲ, ನಿಮಗಾದರೂ ಉಪಯೋಗವಾಗಲಿ.

ಜಿಂಕೇ ಬೇಕು ಅಂತ ಗೈಡ್ ಹಟ ಹಿಡಿದರೆ ಸಲ್ಫೇಟ್ ಕುಂಡ ಇಡಿ. 1 ಗ್ರಾಂ ಜಿಂಕ್ ಆಕ್ಸೈಡ್‌ನಲ್ಲಿ ಸುಮಾರು 0.8 ಗ್ರಾಂ ಜಿಂಕ್ ಇದೆ. ಅಷ್ಟೇ ಜಿಂಕ್‌ಗೆ ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್ (ಹರಳಿನಲ್ಲಿ ನೀರು ಸೇರಿರುವ ರೂಪ) ಸುಮಾರು 3.5 ಗ್ರಾಂ ಬೇಕು. ಅದು ಪೂರ್ತಿ ಕರಗಿರುತ್ತದೆ, ನ್ಯಾನೊ ಹಾಗಲ್ಲ. ಆದ್ದರಿಂದ ನ್ಯಾನೊ ದ್ರಾವಣದಲ್ಲಿ ನಿಜಕ್ಕೂ ಎಷ್ಟು ಕರಗಿದೆ ಅಂತ ಅಳೆದು, ಅಷ್ಟೇ ಜಿಂಕ್ ಇರುವ ಇನ್ನೊಂದು ಸಲ್ಫೇಟ್ ಸೆಟ್ಟನ್ನೂ ಮಾಡಿ. ಮಾಮೂಲಿ ದಪ್ಪ ಕಣದ ಜಿಂಕ್ ಆಕ್ಸೈಡೂ ಒಂದಿರಲಿ. ಎಲೆಗೆ ಸಿಂಪಡಿಸುವುದಾದರೆ ಚೆನ್ನಾಗಿ ತೊಳೆದು ಅಳೆಯಿರಿ, ಇಲ್ಲವಾದರೆ ಮೇಲೆ ಅಂಟಿದ್ದನ್ನೂ ಒಳಗಿನ ಲೆಕ್ಕಕ್ಕೆ ಸೇರಿಸುತ್ತೀರಿ.

ಡೋಸ್ ಎರಡೇ ಇಟ್ಟರೂ ನಡೆಯುತ್ತದೆ. ಕುಂಡಕ್ಕೆ ಜಾಗ ಇಲ್ಲ ಅಂದರೆ ಡೋಸ್ ಕಡಿಮೆ ಮಾಡಿ. ಟ್ರೀಟ್‌ಮೆಂಟ್ ಪಟ್ಟಿ ಆದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ. ಅದರಲ್ಲಿ ಸಲ್ಫೇಟ್ ಇಲ್ಲದಿದ್ದರೆ ಬೈಯುತ್ತೇನೆ.