400 ಸಿಸಿಯಿಂದ ದೊಡ್ಡ ಬೈಕಿಗೆ ಹೋಗುವಾಗ ಸ್ಪೋರ್ಟ್ ಟೂರರ್ ಒಳ್ಳೆಯದೋ, 600 ಸೂಪರ್‌ಸ್ಪೋರ್ಟ್ ಒಳ್ಳೆಯದೋ?

ನೀವು ಕೊಟ್ಟಿರುವ ವಿವರ ಇಷ್ಟು: ಈಗಿರುವುದು 400 ಸಿಸಿಯ ಎರಡು ಸಿಲಿಂಡರ್ ಬೈಕು, ವಾರಾಂತ್ಯಕ್ಕೆ 300–400 ಕಿಮೀ ಓಡಾಟ, ಆಗಾಗ ಹಿಂದೆ ಒಬ್ಬರು ಕೂರುತ್ತಾರೆ, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋಗುವ ಆಸೆ. ಮನಸ್ಸು ಮಾತ್ರ 600 ಸೂಪರ್‌ಸ್ಪೋರ್ಟ್ ಮೇಲಿದೆ, ಅಂದರೆ ರೇಸ್ ಬೈಕಿನ ಧಾಟಿಯಲ್ಲಿ ಕಟ್ಟಿದ 600 ಸಿಸಿ ಆಸುಪಾಸಿನ ಬೈಕು. ಈ ಬಳಕೆಗೆ ನನ್ನ ಉತ್ತರ ಸ್ಪೋರ್ಟ್ ಟೂರರ್, ಅಂದರೆ ವೇಗವೂ ಇದ್ದು ದೂರದ ಓಡಾಟಕ್ಕೂ ಆರಾಮವಾಗಿರುವ ಬೈಕು. ಆದರೆ "ಸೂಪರ್‌ಸ್ಪೋರ್ಟ್ ಅಪಾಯ, ಅದಕ್ಕೇ ಬೇಡ" ಎನ್ನುವವರ ಮಾತು ಕೇಳಿ ತೀರ್ಮಾನಿಸಬೇಡಿ. ನೋಡಬೇಕಾದದ್ದು ಬೇರೆ: ನೀವು ದಿನವೂ ಬಳಸುವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ದಿನವೂ ಓಡಿಸುವ ವೇಗದಲ್ಲಿ ಆ ಬೈಕು ಏನು ಕೊಡುತ್ತದೆ ಎನ್ನುವುದು.

ಮೊದಲು ಎಂಜಿನ್. ಕವಾಸಕಿ ಝಡ್‌ಎಕ್ಸ್-6ಆರ್ 636 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಅದರ ಗರಿಷ್ಠ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಸುಮಾರು 70 ನ್ಯೂಟನ್ ಮೀಟರ್, ಅದೂ 11,000 ಆರ್‌ಪಿಎಂ ಆಸುಪಾಸಿನಲ್ಲಿ. ಪೂರ್ತಿ ಶಕ್ತಿ ಬೇಕಾದರೆ 13,000ದವರೆಗೆ ಏರಿಸಬೇಕು. ಅದೇ ಕಂಪನಿಯ ನಿಂಜಾ 1000ಎಸ್‌ಎಕ್ಸ್ 1,043 ಸಿಸಿ. 8,000 ಆರ್‌ಪಿಎಂಗೇ 111 ನ್ಯೂಟನ್ ಮೀಟರ್ ಸಿಗುತ್ತದೆ. ಯಮಹಾ ಟ್ರೇಸರ್ 9ರ ಮೂರು ಸಿಲಿಂಡರ್ 890 ಸಿಸಿ ಎಂಜಿನ್ನಿನಲ್ಲಿ 7,000ಕ್ಕೆ 93. ಈಗ ಟಾಪ್ ಗೇರಿನಲ್ಲಿ 100 ಕಿಮೀ ವೇಗದಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. 636 ಆಗ 5,000–5,500ರಲ್ಲಿ ತಿರುಗುತ್ತಿರುತ್ತದೆ, ಲೀಟರ್ ಟೂರರ್ (1,000 ಸಿಸಿ ಆಸುಪಾಸಿನದು) 4,000ದ ಹತ್ತಿರ. ಮುಂದಿನ ಲಾರಿಯನ್ನು ದಾಟಲು ಸೂಪರ್‌ಸ್ಪೋರ್ಟ್‌ನಲ್ಲಿ ಎರಡು ಮೂರು ಗೇರು ಇಳಿಸಬೇಕು. ಟೂರರಿನಲ್ಲಿ ಮಣಿಕಟ್ಟು ತಿರುಗಿಸಿದರೆ ಸಾಕು. ಶಕ್ತಿ ಎಂದರೆ ಟಾರ್ಕ್ ಮತ್ತು ಆರ್‌ಪಿಎಂ ಎರಡರ ಗುಣಲಬ್ಧ. 600ರ ನೂರಕ್ಕೂ ಹೆಚ್ಚಿನ ಕುದುರೆಶಕ್ತಿ ಬರುವುದು ಬಹುಪಾಲು ಆರ್‌ಪಿಎಂನಿಂದ. ಎಂಜಿನ್ನನ್ನು ಅಷ್ಟು ಮೇಲಕ್ಕೆ ಒಯ್ದರೆ ಮೊದಲ ಗೇರಿನಲ್ಲೇ 100 ಕಿಮೀ ದಾಟಿರುತ್ತೀರಿ. ರಸ್ತೆಯಲ್ಲಿ ಆ ಶಕ್ತಿಯ ಮೇಲಿನ ಅರ್ಧ ಮುಟ್ಟಲು ಅವಕಾಶವೇ ಇರುವುದಿಲ್ಲ. 400ರಿಂದ ನೇರವಾಗಿ 600ಕ್ಕೆ ಹೋದ ಎಷ್ಟೋ ಜನ "ಕೆಳಗೆ ದಮ್ಮಿಲ್ಲ" ಎಂದು ದೂರುತ್ತಾರೆ. ಅದು ದೋಷವಲ್ಲ, ಆ ಎಂಜಿನ್ ಕಟ್ಟಿರುವುದೇ ಹಾಗೆ: ಚಿಕ್ಕ ಸ್ಟ್ರೋಕ್, ದೊಡ್ಡ ವಾಲ್ವ್, ಮೇಲಿನ ಆರ್‌ಪಿಎಂಗೆ ಹೊಂದಿಸಿದ ಕ್ಯಾಮ್ (ವಾಲ್ವ್ ತೆರೆಯುವ ದಂಡ).

ಹಾಗೆಂದು ಎಲ್ಲ ವ್ಯತ್ಯಾಸವೂ ಎಂಜಿನ್ನಿನದಲ್ಲ. ಸೂಪರ್‌ಸ್ಪೋರ್ಟ್ ಆದ ಯಮಹಾ ಆರ್9 ಮತ್ತು ಟೂರರ್ ಆದ ಟ್ರೇಸರ್ 9 ಎರಡರಲ್ಲೂ ಇರುವುದು ಅದೇ 890 ಸಿಸಿ ಎಂಜಿನ್. ಆರ್9ರ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) 1,420 ಮಿಮೀ, ಟ್ಯಾಂಕು 14 ಲೀಟರ್. ಟ್ರೇಸರಿನ ವೀಲ್‌ಬೇಸ್ 1,500, ಟ್ಯಾಂಕು ಮಾದರಿಯ ವರ್ಷ ನೋಡಿಕೊಂಡು 18–19 ಲೀಟರ್. ಲೀಟರಿಗೆ 20 ಕಿಮೀ ಲೆಕ್ಕ ಹಿಡಿದರೆ ಒಂದರಲ್ಲಿ 280, ಇನ್ನೊಂದರಲ್ಲಿ 360–380 ಕಿಮೀ. ನಿಮ್ಮ ಒಂದು ದಿನದ ಓಡಾಟಕ್ಕೆ ಮಧ್ಯೆ ಪೆಟ್ರೋಲಿಗೆ ನಿಲ್ಲಬೇಕೋ ಬೇಡವೋ ಎನ್ನುವ ವ್ಯತ್ಯಾಸ ಇದು. ಚಿಕ್ಕ ವೀಲ್‌ಬೇಸ್ ತಿರುವಿನಲ್ಲಿ ಬೇಗ ಬಾಗುತ್ತದೆ. ಉದ್ದದ್ದು ಹಿಂದೆ ಭಾರವಿದ್ದಾಗಲೂ, ಅಡ್ಡಗಾಳಿಯಲ್ಲೂ ಗೆರೆ ಬಿಡುವುದಿಲ್ಲ.

ಕೂರುವ ಭಂಗಿಯ ವಿಷಯದಲ್ಲಿ ಎಲ್ಲರೂ ಬೆನ್ನುನೋವಿನ ಬಗ್ಗೆ ಮಾತಾಡುತ್ತಾರೆ, ಆದರೆ ಮೊದಲು ಕೈಕೊಡುವುದು ಮಣಿಕಟ್ಟು. ಸೂಪರ್‌ಸ್ಪೋರ್ಟ್‌ನ ಕ್ಲಿಪ್-ಆನ್ ಹ್ಯಾಂಡಲ್ (ಎರಡು ಬಿಡಿ ತುಂಡಿನದು) ಮುಂದಿನ ಫೋರ್ಕ್ ಹಿಡಿದಿಡುವ ಟ್ರಿಪಲ್ ಕ್ಲಾಂಪಿನ ಕೆಳಗಿರುತ್ತದೆ ಅಥವಾ ಅದರ ಮಟ್ಟದಲ್ಲಿರುತ್ತದೆ, ಕಾಲಿನ ಪೆಗ್ ಹಿಂದಕ್ಕೂ ಮೇಲಕ್ಕೂ ಇರುತ್ತದೆ. ವೇಗ ಹೆಚ್ಚಿದಾಗ ಎದುರುಗಾಳಿ ಎದೆಯನ್ನು ಹಿಡಿದೆತ್ತುತ್ತದೆ, ಆಗ ಕೈ ಹಗುರ. ವೇಗ ಇಳಿದು ಊರೊಳಗೆ ಬಂದ ಕೂಡಲೇ ಮೈಭಾರವೆಲ್ಲ ಅಂಗೈ ಮೇಲೆ. ತೊಡೆಯಿಂದ ಟ್ಯಾಂಕನ್ನು ಬಿಗಿಹಿಡಿದು ಹೊಟ್ಟೆಯ ಸ್ನಾಯುವಿನ ಮೇಲೆ ಭಾರ ಹೊರುವುದನ್ನು ಕಲಿತರೆ ಇದು ಅರ್ಧ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹ್ಯಾಂಡಲ್ ತಿರುಗುವ ಕೋನವೂ ಕಡಿಮೆ, ಹಾಗಾಗಿ ಕಿರಿದಾದ ರಸ್ತೆಯಲ್ಲಿ ಒಂದೇ ಸಲಕ್ಕೆ ಯೂ-ಟರ್ನ್ ಸಿಗದು. ಜೊತೆಗೆ ಬಿಸಿ: ನಿಂತ ಟ್ರಾಫಿಕ್ಕಿನಲ್ಲಿ ಕೂಲೆಂಟ್ 100 ಡಿಗ್ರಿ ದಾಟುವಾಗ ಫ್ಯಾನ್ ಶುರುವಾಗುತ್ತದೆ, ಆ ಗಾಳಿಯೂ ಅಲ್ಯೂಮಿನಿಯಂ ಫ್ರೇಮಿನ ಶಾಖವೂ ನೇರ ತೊಡೆಗೆ.

"ಸೂಪರ್‌ಸ್ಪೋರ್ಟ್ ತಗೊಂಡು ರೈಸರ್ ಹಾಕಿಸಿದರಾಯಿತು" (ಹ್ಯಾಂಡಲ್ ಎತ್ತರಿಸುವ ಭಾಗ) ಎನ್ನುವ ಸಲಹೆ ನಿಮಗೂ ಬಂದಿರಬಹುದು. ನಾನು ಒಪ್ಪುವುದಿಲ್ಲ. 20–25 ಮಿಮೀ ಎತ್ತರಿಸಿದರೂ ಬ್ರೇಕ್ ಹೋಸ್, ಕ್ಲಚ್ ಕೇಬಲ್ ಬಿಗಿಯಾಗಬಹುದು. ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೋ ಲಿವರ್ ಫೇರಿಂಗಿಗೋ ತಾಗಬಹುದು. ಮೈಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ. ಸೂಪರ್‌ಸ್ಪೋರ್ಟ್ ತಿರುವಿನಲ್ಲಿ ಕೊಡುವ ಭರವಸೆ ಬರುವುದೇ ಮುಂದಿನ ಚಕ್ರದ ಭಾರದಿಂದ. ಅದನ್ನು ಕಳೆದುಕೊಂಡ ಮೇಲೂ ಪೆಗ್ ಮೇಲೆಯೇ ಇರುತ್ತದೆ, ಸೀಟು ಗಟ್ಟಿಯಾಗಿಯೇ ಇರುತ್ತದೆ.

ಹಿಂದೆ ಕೂರುವವರ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಮ್ಯಾನ್ಯುಯಲ್ಲಿನಲ್ಲಿ ಗರಿಷ್ಠ ಹೊರೆ ಎಷ್ಟೆಂದು ಬರೆದಿರುತ್ತದೆ. ನಿಮ್ಮ ತೂಕ, ಅವರ ತೂಕ, ಇಬ್ಬರ ಹೆಲ್ಮೆಟ್, ಜಾಕೆಟ್, ಬೂಟು, ಬ್ಯಾಗು ಎಲ್ಲ ಕೂಡಿಸಿ. ತೊಡುವ ಸಾಮಾನೇ ಒಬ್ಬರಿಗೆ 8–10 ಕಿಲೋ ಆಗುತ್ತದೆ. ಎಷ್ಟೋ ಸೂಪರ್‌ಸ್ಪೋರ್ಟ್‌ಗಳಲ್ಲಿ ಬ್ಯಾಗು ಸೇರುವ ಮೊದಲೇ ಮಿತಿ ಹತ್ತಿರವಾಗಿರುತ್ತದೆ. ತೂಕ ಮಿತಿಯೊಳಗಿದ್ದರೂ ಹಿಂದಿನ ಸೀಟು ಅಂಗೈಯಗಲ, ಹಿಡಿಯಲು ಏನೂ ಇಲ್ಲ, ಪ್ರತಿ ಬ್ರೇಕಿಗೂ ಅವರು ನಿಮ್ಮ ಬೆನ್ನ ಮೇಲೆ ಜಾರುತ್ತಾರೆ. ಆ ಭಾರವನ್ನೂ ನಿಮ್ಮ ಮಣಿಕಟ್ಟೇ ಹೊರಬೇಕು. ಒಮ್ಮೆ ಹೀಗೆ 300 ಕಿಮೀ ಹೋದವರು ಎರಡನೇ ಸಲ ಬರುವುದು ಕಷ್ಟ.

ಯಾವ ಬೈಕಾದರೂ ಸರಿ, ತಂದ ಮೊದಲ ವಾರವೇ ಸ್ಯಾಗ್ ಅಳೆಯಿರಿ, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಎನ್ನುವುದನ್ನು. ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ, ಆಕ್ಸಲ್‌ನಿಂದ ನೇರ ಮೇಲೆ ಬಾಲದ ಮೇಲೊಂದು ಗುರುತಿನವರೆಗೆ ಅಳೆದು ಬರೆದುಕೊಳ್ಳಿ. ಆಮೇಲೆ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ತೊಟ್ಟು, ಪೆಗ್ ಮೇಲೆ ಕಾಲಿಟ್ಟು ಕೂತುಕೊಳ್ಳಿ. ಒಬ್ಬರು ಬೈಕು ಹಿಡಿದಿರಲಿ, ಇನ್ನೊಬ್ಬರು ಅದೇ ಅಳತೆ ತೆಗೆಯಲಿ. ಎರಡರ ವ್ಯತ್ಯಾಸ ರಸ್ತೆ ಬಳಕೆಗೆ 30–35 ಮಿಮೀ ಇರಬೇಕು. ಹೆಚ್ಚಿದ್ದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿತ) ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಅಳತೆ ಸರಿಬಂದ ಮೇಲೆ ನೀವಿಳಿದು, ಬೈಕು ಬರೀ ತನ್ನ ಭಾರಕ್ಕೆ ಎಷ್ಟು ಕುಸಿಯುತ್ತದೆ ನೋಡಿ. ಸ್ವಲ್ಪವೂ ಕುಸಿಯದಿದ್ದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದು, ಪ್ರೀಲೋಡಿನಿಂದ ಅದು ಸರಿಹೋಗದು, ಸ್ಪ್ರಿಂಗೇ ಬದಲಿಸಬೇಕು. ಒಳ್ಳೆಯ ಟೂರರುಗಳಲ್ಲಿ ಹಿಂದಿನ ಪ್ರೀಲೋಡಿಗೆ ಕೈಯಿಂದ ತಿರುಗಿಸುವ ನಾಬ್ ಇರುತ್ತದೆ, ಹಿಂದೆ ಒಬ್ಬರು ಹತ್ತಿದಾಗ ಅಲ್ಲೇ ಬಿಗಿ ಮಾಡಬಹುದು. ಸೂಪರ್‌ಸ್ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಸಿ-ಸ್ಪ್ಯಾನರ್ ಹಿಡಿದು ಶಾಕಿನ ಸಂದಿಗೆ ಕೈ ಹಾಕಬೇಕು, ಹಾಗಾಗಿ ಯಾರೂ ಮಾಡುವುದಿಲ್ಲ. ಹಿಂಭಾಗ ಕುಸಿದೇ ಓಡಿಸುತ್ತಾರೆ, ತಿರುವಿನಲ್ಲಿ ಬೈಕು ಅಗಲಕ್ಕೆ ಹೋಗುತ್ತದೆ, ದೂರು ಟೈರಿನ ಮೇಲೆ ಬೀಳುತ್ತದೆ.

ಟೈರಿನ ಅಳತೆ ಎರಡು ವರ್ಗಕ್ಕೂ ಹೆಚ್ಚುಕಡಿಮೆ ಒಂದೇ: ಮುಂದೆ 120/70-17, ಹಿಂದೆ 180 ಅಥವಾ 190. ಆದ್ದರಿಂದ ಸೂಪರ್‌ಸ್ಪೋರ್ಟ್‌ಗೂ ಮಿಶಲಿನ್ ರೋಡ್ 6, ಪಿರೆಲ್ಲಿ ಏಂಜಲ್ ಜಿಟಿ ತರಹದ ಟೂರಿಂಗ್ ಟೈರು ಹಾಕಬಹುದು. ಮಳೆಯಲ್ಲೂ ಚಳಿಯ ಬೆಳಗಿನಲ್ಲೂ ಅವು ಟ್ರ್ಯಾಕ್ ಮಾದರಿ ಟೈರಿಗಿಂತ ಬೇಗ ಹಿಡಿತಕ್ಕೆ ಬರುತ್ತವೆ, ಸವೆಯುವುದೂ ನಿಧಾನ. ಮೆದು ಕಾಂಪೌಂಡಿನ ಟೈರು ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತದೆ, ಹೆದ್ದಾರಿಯಲ್ಲಿ ಅಷ್ಟು ಬಿಸಿಯಾಗುವುದಿಲ್ಲ, ನಡುವೆ ಮಾತ್ರ ಚಪ್ಪಟೆಯಾಗಿ ಸವೆಯುತ್ತದೆ.

ಟೆಸ್ಟ್ ರೈಡ್ ಸಿಕ್ಕಾಗ ವೇಗ ನೋಡುವ ಚಪಲ ಬಿಡಿ. ಖಾಲಿ ಜಾಗದಲ್ಲಿ ಎರಡೂ ಕಡೆಗೆ ಯೂ-ಟರ್ನ್ ಹೊಡೆಯಿರಿ. ಟಾಪ್ ಗೇರಿನಲ್ಲಿ 60ರಿಂದ ಥ್ರಾಟಲ್ ತೆರೆದು ಎಳೆತ ನೋಡಿ. ಫ್ಯಾನ್ ಬರುವವರೆಗೆ ನಿಂತಲ್ಲೇ ಎಂಜಿನ್ ಓಡಲಿ. ಹಿಂದೆ ಕೂರುವವರನ್ನು ಕರೆದುಕೊಂಡೇ ಹೋಗಿ. ಆಗದಿದ್ದರೆ ಕನಿಷ್ಠ ನಿಂತ ಬೈಕಿನ ಮೇಲೆ ಸವಾರಿಯ ಭಂಗಿಯಲ್ಲಿ 15 ನಿಮಿಷ ಕೂತಿರಿ. ಎರಡೇ ನಿಮಿಷಕ್ಕೆ ಎಲ್ಲ ಬೈಕೂ ಆರಾಮವೇ.

ಹಳೆಯದು ಕೊಳ್ಳುವುದಾದರೆ ಸೂಪರ್‌ಸ್ಪೋರ್ಟ್ ಬಗ್ಗೆ ಎರಡು ಪಟ್ಟು ಎಚ್ಚರ ಬೇಕು. ಆಯಿಲ್ ಡ್ರೈನ್ ಬೋಲ್ಟಿನ ತಲೆಯಲ್ಲಿ ಸಣ್ಣ ತೂತು ಕೊರೆದಿದ್ದರೆ ಅದು ಸೇಫ್ಟಿ ವೈರಿಗೆ, ಅಂದರೆ ಟ್ರ್ಯಾಕಿನಲ್ಲಿ ಓಡಿದ ಬೈಕು. ಸ್ಟೀರಿಂಗ್ ಸ್ಟಾಪ್ (ಹ್ಯಾಂಡಲ್ ತಿರುಗುವುದನ್ನು ಕೊನೆಯಲ್ಲಿ ತಡೆಯುವ ತುಂಡು) ಜಜ್ಜಿದೆಯೇ, ಸಬ್‌ಫ್ರೇಮ್ (ಸೀಟು ಹೊರುವ ಹಿಂದಿನ ಚೌಕಟ್ಟು) ಒಂದು ಕಡೆ ವಾಲಿದೆಯೇ, ಹ್ಯಾಂಡಲ್ ತುದಿ ಮತ್ತು ಪೆಗ್ ಎರಡೂ ಹೊಸದಾಗಿ ಹೊಳೆಯುತ್ತಿವೆಯೇ ನೋಡಿ. ಫೇರಿಂಗ್ ಅಚ್ಚುಕಟ್ಟಾಗಿ ಕೂರದೆ ಬೋಲ್ಟ್ ತೂತು ಸರಿಹೊಂದದಿದ್ದರೆ ಅದು ಬಿದ್ದ ಮೇಲೆ ಹಾಕಿಸಿದ ನಕಲಿ ಫೇರಿಂಗ್. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಕ್ಯಾಮ್ ನಡುವಿನ ಸಂದಿನ ಅಳತೆ) ನೋಡಿಸಿದ ದಾಖಲೆ ಕೇಳಿ. ಮಾದರಿಗೆ ತಕ್ಕಂತೆ ಅದು ಸಾಮಾನ್ಯವಾಗಿ 24,000ದಿಂದ 42,000 ಕಿಮೀ ನಡುವೆ ಬರುತ್ತದೆ. ಆ ಸಂದು ಸರಿಪಡಿಸುವ ಶಿಮ್ (ಸಣ್ಣ ಬಿಲ್ಲೆ) ಬದಲಿಸಲು ಹೆಚ್ಚಿನವುಗಳಲ್ಲಿ ಕ್ಯಾಮ್ ಬಿಚ್ಚಬೇಕಾದ್ದರಿಂದ ಈ ಕೆಲಸ ಬರುವ ಮುಂಚೆಯೇ ಮಾರುವವರು ಇದ್ದಾರೆ. ಟೂರರಿನಲ್ಲಿ ಕಿಮೀ ಹೆಚ್ಚಿದ್ದರೆ ಗಾಬರಿ ಬೇಡ. ಹಿಂದಿನ ಶಾಕ್ ಸತ್ತಿದೆಯೇ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿದಂತಾಗುತ್ತದೆಯೇ ಪರೀಕ್ಷಿಸಿ. ಹಾಗಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ.

ಸೂಪರ್‌ಸ್ಪೋರ್ಟ್ ಯಾರಿಗೆ ಸರಿ? ತಿಂಗಳಿಗೊಮ್ಮೆಯಾದರೂ ಟ್ರ್ಯಾಕಿಗೆ ಹೋಗುವವರಿಗೆ, ರಸ್ತೆಯಲ್ಲಿ ಒಂದೆರಡು ಗಂಟೆಯ ತಿರುವಿನ ದಾರಿ ಸಾಕೆನ್ನುವವರಿಗೆ, ದೂರಕ್ಕೆ ಬೇರೆ ವಾಹನ ಇರುವವರಿಗೆ. ಅವರಿಗೆ ಅದರಷ್ಟು ಕರಾರುವಾಕ್ಕಾದ ಯಂತ್ರ ಇನ್ನೊಂದಿಲ್ಲ, ಟೂರರ್ ಕೊಡಿಸಿದರೆ ಅನ್ಯಾಯವಾದೀತು. ಆಕಾರದ ಮೋಹ ಬಿಡಲಾಗದವರಿಗೆ ನಡುವಿನ ದಾರಿಯೂ ಇದೆ: ಹೋಂಡಾ ಸಿಬಿಆರ್650ಆರ್, ಏಪ್ರಿಲಿಯಾ ಆರ್‌ಎಸ್660. ಪೂರ್ತಿ ಫೇರಿಂಗ್, ಆದರೆ ಹ್ಯಾಂಡಲ್ ಅಷ್ಟು ಕೆಳಗಿಲ್ಲ, ಟಾರ್ಕ್ ಬೇಗ ಬರುತ್ತದೆ. ಯಮಹಾ ಆರ್7 ಎಂಜಿನ್ನಿನ ಲೆಕ್ಕಕ್ಕೆ ಇದೇ ಗುಂಪು, ಹ್ಯಾಂಡಲ್ ಮಾತ್ರ ಸೂಪರ್‌ಸ್ಪೋರ್ಟ್‌ನಷ್ಟೇ ಬಾಗಿಸುತ್ತದೆ, ಕೂತು ನೋಡದೆ ಕೊಳ್ಳಬೇಡಿ.

ವರ್ಷಕ್ಕೆ ಒಂದೆರಡು ಟ್ರ್ಯಾಕ್ ದಿನಕ್ಕೆ ಸ್ಪೋರ್ಟ್ ಟೂರರ್ ಧಾರಾಳ ಸಾಕು. ಪ್ಯಾನಿಯರ್ (ಪಕ್ಕದ ಪೆಟ್ಟಿಗೆ), ಕನ್ನಡಿ ಬಿಚ್ಚಿಡಿ, ದೀಪಗಳಿಗೆ ಟೇಪು ಸುತ್ತಿ. ಹಿಂದಿನ ಪ್ರೀಲೋಡ್ ಸ್ವಲ್ಪ ಬಿಗಿ ಮಾಡಿ, ರೀಬೌಂಡ್ (ಕುಸಿದ ಸಸ್ಪೆನ್ಷನ್ ಮೇಲೇಳುವುದನ್ನು ನಿಧಾನಗೊಳಿಸುವ ತಡೆ) ಒಂದೆರಡು ಕ್ಲಿಕ್ ಹೆಚ್ಚಿಸಿ. ಪೆಗ್ ತುದಿ ನೆಲಕ್ಕೆ ಉಜ್ಜತೊಡಗಿದರೆ ಇನ್ನೂ ಬಾಗಿಸದೆ ಮೈಯನ್ನು ಒಳಕ್ಕೆ ತನ್ನಿ. ಈ ಬೈಕುಗಳ ನಿಜವಾದ ಮಿತಿ ಬ್ರೇಕು. 230 ಕಿಲೋ ಮೀರಿದ ಬೈಕನ್ನು ಸುತ್ತು ಸುತ್ತಿಗೂ ನಿಲ್ಲಿಸುವಾಗ ಹಳೆಯ ಬ್ರೇಕ್ ಆಯಿಲಿನಲ್ಲಿ ಸೇರಿರುವ ನೀರು ಕುದಿದು ಲಿವರ್ ಹ್ಯಾಂಡಲಿನವರೆಗೂ ಬರುತ್ತದೆ. ಹೋಗುವ ವಾರ ಹೊಸ ಡಾಟ್ 4 ಬ್ರೇಕ್ ಆಯಿಲ್ ತುಂಬಿಸಿ ಗಾಳಿ ತೆಗೆಸಿ. ಪ್ಯಾಡಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬದಲಿಸಿಕೊಂಡೇ ಹೋಗಿ.