ಔಷಧಿ ದುಬಾರಿ ಅಂತ ಸರ್ಕಾರ ಬೇಡ ಅನ್ನಬಹುದಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಅವಳ ಇಂಜೆಕ್ಷನ್ ಖರ್ಚನ್ನು ಅಲ್ಲಿನ ಸರ್ಕಾರವೇ ನೋಡಿಕೊಳ್ಳುತ್ತದೆ. ಹಿಂದೆ ಇದೇ ಔಷಧಿ ದುಬಾರಿ ಅಂತ ಬೇಡ ಅಂದಿದ್ದರಂತೆ. ಕಾಯಿಲೆಯವರ ವಿಷಯದಲ್ಲಿ ಹೀಗೆ ಲೆಕ್ಕ ಹಾಕುವುದು ಸರೀನಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕೇಳಿದ್ದು ನಿಜ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಯಾವ ಔಷಧಿ ಕೊಡಬೇಕು ಅಂತ ಹೇಳುವುದು ನೈಸ್ ಎಂಬ ಸಂಸ್ಥೆ. 2002ರಲ್ಲಿ ಅದು ಎಂಎಸ್‌ಗೆ ಕೊಡುವ ಬೀಟಾ ಇಂಟರ್‌ಫೆರಾನ್, ಗ್ಲಾಟಿರಾಮರ್ ಎಂಬ ಎರಡು ಇಂಜೆಕ್ಷನ್‌ಗಳನ್ನೂ ಬೇಡ ಅಂದಿತು. ಔಷಧಿ ಕೆಲಸ ಮಾಡುವುದಿಲ್ಲ ಅಂತಲ್ಲ, ಕೊಡುವ ದುಡ್ಡಿಗೆ ಸಿಗುವ ಪ್ರಯೋಜನ ಸಾಲದು ಅಂತ.

ಲೆಕ್ಕ ಹಾಕಿದ್ದು ತಪ್ಪಲ್ಲ. ಒಂದು ಔಷಧಿಗೆ ಸುರಿದ ದುಡ್ಡು ಇನ್ನೊಬ್ಬರ ಚಿಕಿತ್ಸೆಗೆ ಸಿಗುವುದಿಲ್ಲ, ಆ ಇನ್ನೊಬ್ಬರು ಯಾರು ಅಂತ ನಮಗೆ ಕಾಣುವುದೂ ಇಲ್ಲ. ಆದರೆ ಎಂಎಸ್ ಹತ್ತಿಪ್ಪತ್ತು ವರ್ಷ ನಿಧಾನವಾಗಿ ನರಗಳನ್ನು ಹಾಳುಮಾಡುವ ಕಾಯಿಲೆ, ಎರಡು ಮೂರು ವರ್ಷದ ಪರೀಕ್ಷೆ ನೋಡಿ ಮುಂದೆ ಯಾರು ನಡೆಯುತ್ತಾರೆ, ಯಾರಿಗೆ ಗಾಲಿಕುರ್ಚಿ ಬೇಕಾಗುತ್ತದೆ ಅಂತ ಹೇಳುವುದು ಹೇಗೆ?

ಹಾಗಾಗಿ ಅದೇ ವರ್ಷ ಸರ್ಕಾರ ಕಂಪನಿಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಔಷಧಿ ಕೊಡೋಣ, ಸಾವಿರಾರು ರೋಗಿಗಳನ್ನು ಹತ್ತು ವರ್ಷ ಗಮನಿಸೋಣ, ಹೇಳಿದಷ್ಟು ಗುಣ ಕಾಣದಿದ್ದರೆ ನೀವು ಬೆಲೆ ಇಳಿಸಬೇಕು ಅಂತ. ಔಷಧಿಯಿಂದ ಸಿಗುವ ಒಳ್ಳೆಯ ಆರೋಗ್ಯದ ಒಂದೊಂದು ವರ್ಷಕ್ಕೆ 36,000 ಪೌಂಡ್ ಖರ್ಚು, ಇದು ಮಿತಿ. ನನಗೆ ಈ ಯೋಚನೆ ತುಂಬಾ ಹಿಡಿಸಿತು. ನಡೆಸಿದ ರೀತಿ ಮಾತ್ರ ಹಿಡಿಸಲಿಲ್ಲ. 2009ರಲ್ಲಿ ಬಂದ ಮೊದಲ ಫಲಿತಾಂಶ ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು, ಆದರೂ ತೀರ್ಮಾನಕ್ಕೆ ಬರಲು ಇದು ತೀರಾ ಬೇಗ ಅಂತ ಬೆಲೆ ಇಳಿಸಲಿಲ್ಲ. ಮುಂದಿನ ವರ್ಷಗಳ ಫಲಿತಾಂಶ ಔಷಧಿಯ ಪರವಾಗಿ ಬಂತು, ಸರಿ. ಆದರೆ ಬರದೇ ಇದ್ದಿದ್ದರೆ? ಜನರ ದುಡ್ಡಿನ ಒಪ್ಪಂದದಲ್ಲಿ ಬೆಲೆ ಯಾವಾಗ ಇಳಿಯಬೇಕು ಅಂತ ಮೊದಲೇ ಖಚಿತವಾಗಿ ಬರೆದಿರಬೇಕು. 2018ರಲ್ಲಿ ನೈಸ್ ಗ್ಲಾಟಿರಾಮರ್ ಮತ್ತು ಕೆಲವು ಇಂಟರ್‌ಫೆರಾನ್‌ಗಳನ್ನು ಒಪ್ಪಿತು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಹೆಸರಿದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಎಸ್‌ಗೆಂದು ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧಿಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅದನ್ನು ಭಾರತದ ಕಂಪನಿಗಳೇ ತಯಾರಿಸುತ್ತವೆ. ಇಲ್ಲಿನ ಸರ್ಕಾರ ಶುರು ಮಾಡುವುದಾದರೆ ಅದರಿಂದಲೇ ಮಾಡಲಿ, ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಚೌಕಾಸಿ ಮಾಡುವುದೂ ಸುಲಭ.